‘ಸರ್ವರ್ ಡೌನ್’: ಒಂದು ಉತ್ತರದ ವಿಮರ್ಶೆ

ಜಾವಗಲ್ ಕಡೆಯ ನಮ್ಮ ಪರಿಚಿತ ರೈತರೊಬ್ಬರು ಪಹಣಿಗಾಗಿ ಒಂದೇ ಸೇವಾ ಕೇಂದ್ರಕ್ಕೆ ಮೂರು ದಿನ ಅಲೆದರು. ಮೂರು ದಿನವೂ ಸಿಕ್ಕ ಉತ್ತರ ಒಂದೇ: ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ.’ ಮೂರನೆಯ ದಿನ ಬೇಸತ್ತು ಅದೇ ಬೀದಿಯ ಇನ್ನೊಂದು ಅಂಗಡಿಗೆ ಹೋದರೆ ಐದೇ ನಿಮಿಷದಲ್ಲಿ ಪಹಣಿ ಮುದ್ರಣವಾಗಿ ಕೈಗೆ ಬಂತು. ಸಂಜೆ ಅವರು ನನ್ನನ್ನು ಕೇಳಿದರು: ‘ಮೇಷ್ಟ್ರೇ, ಹಾಗಾದರೆ ಈ ಮೂರು ದಿನ ಡೌನ್ ಆಗಿದ್ದದ್ದು ಯಾವುದು?’

ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಪಹಣಿಗೋ, ಜಾತಿ-ಆದಾಯ ಪ್ರಮಾಣಪತ್ರಕ್ಕೋ, ಪಡಿತರದ ಹೆಬ್ಬೆಟ್ಟಿಗೋ ಸಾಲಿನಲ್ಲಿ ನಿಂತ ಓದುಗರಿಗೆ ಈ ಎರಡು ಪದಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಕರೆಂಟು ಹೋದರೆ ಯಾವ ಫೀಡರು, ಯಾವ ಟ್ರಾನ್ಸ್‌ಫಾರ್ಮರು ಎಂದು ಜನ ಮರುಪ್ರಶ್ನೆ ಹಾಕುತ್ತಾರೆ. ಪಂಪ್‌ಸೆಟ್ ನಿಂತರೆ ಫ್ಯೂಸೋ, ಸ್ಟಾರ್ಟರೋ, ಕಾಯಿಲೋ ಎಂದು ತೋಟದಲ್ಲೇ ಪರೀಕ್ಷೆ ನಡೆಯುತ್ತದೆ. ಸರ್ವರ್ ಡೌನ್ ಎಂದರೆ ಮಾತ್ರ ಎಲ್ಲರೂ ಅದನ್ನು ಅಕಾಲ ಮಳೆಯಂತೆ ಒಪ್ಪಿಕೊಂಡು ಬಸ್ಸು ಹತ್ತುತ್ತಾರೆ. ಕಳೆದುಹೋದ ಒಂದು ದಿನದ ಕೂಲಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜು ಉಳಿಯಿತು, ದಿನ ಉಳಿಯಲಿಲ್ಲ.

ಈ ಲೇಖನದಲ್ಲಿ ನಾನು ವಿಮರ್ಶಿಸಲು ಹೊರಟಿರುವುದು ಈ ಉತ್ತರವನ್ನೇ. ನನ್ನ ಆಕ್ಷೇಪ ಇಷ್ಟು: ದೂರದ ಸರ್ವರ್‌ಗೆ ಸಂಪರ್ಕ ಸಿಗದಿದ್ದಾಗ ಯಂತ್ರವೇನೂ ಮೂಕವಾಗಿ ಕುಳಿತಿರುವುದಿಲ್ಲ. ಎಲ್ಲಿ ತಪ್ಪಿದೆ ಎಂಬುದನ್ನು ಅದು ಸಾಕಷ್ಟು ಸ್ಪಷ್ಟವಾಗಿಯೇ ಹೇಳುತ್ತದೆ. ಆ ಮಾತನ್ನು ಮೊದಲು ತಂತ್ರಾಂಶ ಬರೆದವರು ಅಳಿಸುತ್ತಾರೆ. ಅಳಿಸದೆ ಉಳಿದುದನ್ನು ಕಿಟಕಿಯಲ್ಲಿ ಕುಳಿತವರು ಅಳಿಸುತ್ತಾರೆ. ಅದನ್ನು ಓದುವ ವಿದ್ಯೆಯನ್ನು ಅಧ್ಯಾಪಕರಾದ ನಾವು ಕಲಿಸುವುದೇ ಇಲ್ಲ.

ಪಕ್ಕದ ಕೋಣೆಯಿಂದ ಬೆಂಗಳೂರಿಗೆ

ಇಪ್ಪತ್ತೈದು ವರ್ಷಗಳ ಹಿಂದೆ ಈ ಮಾತಿಗೆ ನಿಜವಾಗಿಯೂ ಒಂದು ಅರ್ಥವಿತ್ತು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, 177 ತಾಲ್ಲೂಕುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ದತ್ತಾಂಶ, ಅದರದೇ ಸರ್ವರ್ ಇದ್ದವು. 15 ರೂಪಾಯಿ ಕೊಟ್ಟು ಪಹಣಿ ಕೇಳಿದವರ ಕಿಟಕಿಗೂ ಸರ್ವರ್‌ಗೂ ನಡುವೆ ಒಂದು ಗೋಡೆ, ಕೆಲವು ಮೀಟರ್ ತಂತಿ. ಅಂದು ಸರ್ವರ್ ಡೌನ್ ಎಂದರೆ ಯಾರಾದರೂ ಎದ್ದು ಹೋಗಿ ಆ ಯಂತ್ರವನ್ನು ನೋಡಿಬರಬಹುದಾಗಿತ್ತು. (ಅದಕ್ಕೂ ಹಿಂದೆ ಹೋದರೆ, ಬೇಲೂರು ದೇವಾಲಯದ ಆವರಣದಲ್ಲಿ 1117ರ ಶಾಸನ ಇವತ್ತಿಗೂ ನಿಂತಿದೆ. ಅದನ್ನು ಓದಲು ಸರ್ವರ್ ಬೇಡ. ಆದರೆ ಖಾತೆ ಬದಲಾಯಿಸಬೇಕಾದರೆ ಉಳಿ-ಸುತ್ತಿಗೆ ತರಬೇಕು!)

ಆಮೇಲೆ ದತ್ತಾಂಶ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ಹೋಗಿದ್ದು ಒಳ್ಳೆಯದೇ ಆಯಿತು. ಒಂದು ತಾಲ್ಲೂಕಿನ ಪಹಣಿಯನ್ನು ಇನ್ನೊಂದು ತಾಲ್ಲೂಕಿನಲ್ಲಿ ಪಡೆಯುವುದು, ಪ್ರತಿಯೊಂದು ದಾಖಲೆಗೂ ಸುರಕ್ಷಿತ ನಕಲು ಇಡುವುದು ಇದರಿಂದಲೇ ಸಾಧ್ಯವಾಯಿತು. ಆದರೆ ಕಿಟಕಿಗೂ ಸರ್ವರ್‌ಗೂ ನಡುವಿನ ಗೋಡೆಯ ಜಾಗದಲ್ಲಿ ಈಗ ಮೊಡೆಮ್, ರೌಟರ್, ಕಂಬದ ಮೇಲಿನ ತಂತು, ನೆಲದಡಿಯ ತಂತು, ಸೇವಾದಾರರ ಕೇಂದ್ರಗಳು, ಅಗ್ನಿಭಿತ್ತಿ, ಕೊನೆಗೆ ಸರ್ವರ್ ಬಂದವು. ತುಮಕೂರು-ಹೊನ್ನಾವರ ಹೆದ್ದಾರಿಯ ಅಂಚಿನಲ್ಲಿ ಮಣ್ಣು ಅಗೆಯುವ ಯಂತ್ರದ ಒಂದು ಹಲ್ಲು ತಂತುವಿಗೆ ತಗುಲಿದರೂ ಕಿಟಕಿಯ ಉತ್ತರ ಮಾತ್ರ ಹಳೆಯದೇ. ಸರ್ವರ್ ಮನೆ ಬದಲಾಯಿಸಿತು, ಮಾತು ಬದಲಾಗಲಿಲ್ಲ.

ದೂರ ಹೆಚ್ಚಾದದ್ದರಿಂದಲೇ ತೊಂದರೆ ಎಂದು ಕೆಲವರು ಭಾವಿಸುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ದ್ಯುತಿತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಅರಸೀಕೆರೆಯಿಂದ ಬೆಂಗಳೂರಿಗೆ ತಂತುವಿನ ಉದ್ದ 200 ಕಿ.ಮೀ. ಎಂದೇ ಹಿಡಿದರೂ ಹೋಗಿಬರುವುದಕ್ಕೆ 2 ಮಿಲಿಸೆಕೆಂಡು ಸಾಕು. ಭೂಸ್ಥಿರ ಉಪಗ್ರಹದ ಮೂಲಕವಾದರೆ ಕತೆ ಬೇರೆ. ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ, ಪ್ರಶ್ನೆ ಏರಿ ಇಳಿದು, ಉತ್ತರವೂ ಏರಿ ಇಳಿಯುವಾಗ ಒಟ್ಟು 1,44,000 ಕಿ.ಮೀ., ಅಂದರೆ 0.48 ಸೆಕೆಂಡು. ಸುರಕ್ಷಿತ ಸಂಪರ್ಕವೊಂದು ಕುದುರಿ ಮೊದಲ ಅಕ್ಷರ ಬರುವುದಕ್ಕೆ ಇಂತಹ ನಾಲ್ಕು ಸುತ್ತುಗಳಾದರೂ ಬೇಕೆಂದರೆ ಸುಮಾರು 2 ಸೆಕೆಂಡು. ಹಳ್ಳಿಗಳ ಕೇಂದ್ರಗಳು ವಿಸ್ಯಾಟ್ ತಟ್ಟೆಯನ್ನು ನಂಬಿದ್ದಾಗ ಈ ಮಂದಗತಿಯನ್ನೂ ‘ಡೌನ್’ ಎಂದೇ ಕರೆಯುತ್ತಿದ್ದರು. 12ರಿಂದ 14 ಗಿಗಾಹರ್ಟ್ಸ್ ತರಂಗಗಳನ್ನು ಮಳೆಹನಿ ಹೀರಿಕೊಳ್ಳುವುದರಿಂದ ಬೇಲೂರಿನಂತಹ ಮಲೆನಾಡಿನ ಅಂಚಿನಲ್ಲಿ ಆಷಾಢದ ಮಳೆಗೂ ಅದೇ ಹೆಸರು.

ಯಂತ್ರ ಹೇಳುವ ಮಾತುಗಳು

ಈಗ ಯಂತ್ರ ಏನು ಹೇಳುತ್ತದೆ ಎಂಬುದನ್ನು ನೋಡೋಣ. ನೀವು ದೂರದ ಒಂದು ಸರ್ವರ್‌ನ ಹೆಸರನ್ನು ಟೈಪ್ ಮಾಡಿದಾಗ ಮೊದಲಿಗೆ ಆ ಹೆಸರು ಸಂಖ್ಯಾ ವಿಳಾಸವಾಗಬೇಕು. ಇದು ಡಿಎನ್‌ಎಸ್‌ನ ಕೆಲಸ. ಆಮೇಲೆ ಆ ವಿಳಾಸಕ್ಕೆ ದಾರಿ ಸಿಗಬೇಕು. ತಲುಪಿದ ಯಂತ್ರದಲ್ಲಿ ಸರಿಯಾದ ಬಾಗಿಲು, ಅಂದರೆ ಪೋರ್ಟ್, ತೆರೆದಿರಬೇಕು. ಬಾಗಿಲು ತೆರೆದವನು ತಾನು ಯಾರೆಂದು ರುಜುವಾತು ತೋರಿಸಬೇಕು. ಕೊನೆಗೆ ನೀವು ಯಾರೆಂದು ಅವನಿಗೆ ಒಪ್ಪಿಗೆಯಾಗಬೇಕು. ಈ ಐದರಲ್ಲಿ ಒಂದೊಂದು ತಪ್ಪಿದಾಗಲೂ ಬೇರೆ ಬೇರೆ ಸಂದೇಶ ಬರುತ್ತದೆ. ‘ಹೋಸ್ಟ್ ಸಿಗಲಿಲ್ಲ’ ಎಂದರೆ ಹೆಸರಿನಲ್ಲೇ ತೊಡಕು. ಸರ್ವರ್‌ನ ಸುದ್ದಿಯೇ ಅಲ್ಲಿ ಇಲ್ಲ. ‘ಅನುಮತಿ ಇಲ್ಲ’ ಎಂದರೆ ದಾರಿ, ಬಾಗಿಲು ಎಲ್ಲವೂ ಸರಿಯಿದ್ದು ಗುಪ್ತಪದವೋ ಕೀಲಿಯೋ ತಪ್ಪಿದೆ. ಸರ್ವರ್ ಬದುಕಿದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಆದರೂ ಇದನ್ನು ಸಹ ‘ಡೌನ್’ ಎಂದವರನ್ನು ನಾನು ಕಂಡಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದವು ಇನ್ನೆರಡು: ‘ಸಂಪರ್ಕ ನಿರಾಕರಿಸಲಾಗಿದೆ’ ಮತ್ತು ‘ಕಾಲಾವಧಿ ಮೀರಿದೆ’. ಇವೆರಡರ ನಡುವಿನ ವ್ಯತ್ಯಾಸವನ್ನು ತಿಳಿದವರಿಗೆ ಅರ್ಧ ರೋಗ ಪತ್ತೆಯಾದಂತೆಯೇ. ಟಿಸಿಪಿ ನಿಯಮದ ಪ್ರಕಾರ ನಿಮ್ಮ ಗಣಕ ಮೊದಲು ‘ಮಾತನಾಡೋಣವೇ?’ ಎಂಬರ್ಥದ ಒಂದು ಪೊಟ್ಟಣ ಕಳುಹಿಸುತ್ತದೆ. ಆ ಕಡೆಯಿಂದ ‘ಆಗಲಿ’ ಎಂದು ಬಂದರೆ ಇದು ‘ಸರಿ’ ಎನ್ನುತ್ತದೆ. ಆ ಕಡೆಯ ಯಂತ್ರ ಚಾಲ್ತಿಯಲ್ಲಿದ್ದು, ನೀವು ತಟ್ಟಿದ ಬಾಗಿಲಲ್ಲಿ ಯಾವ ತಂತ್ರಾಂಶವೂ ಕಾದು ಕುಳಿತಿಲ್ಲದಿದ್ದರೆ, ಅದು ತಕ್ಷಣ ‘ಇಲ್ಲ’ ಎಂಬ ಪೊಟ್ಟಣವನ್ನು ಹಿಂದಕ್ಕೆ ಕಳುಹಿಸುತ್ತದೆ. ಇದೇ ನಿರಾಕರಣೆ. ಕೇಳಲು ಒರಟಾದರೂ ಇದು ಶುಭವಾರ್ತೆ! ಕಿಟಕಿಯಿಂದ ಸರ್ವರ್‌ವರೆಗೆ ಹೋಗುವ, ಬರುವ ದಾರಿಯೆಲ್ಲ ಸರಿಯಿದೆ, ಒಂದು ತಂತ್ರಾಂಶವನ್ನು ಮತ್ತೆ ಚಾಲೂ ಮಾಡಿದರೆ ಸಾಕು ಎಂದು ಸಾಮಾನ್ಯವಾಗಿ ಅದರ ಅರ್ಥ. ಕಾಲಾವಧಿ ಮೀರುವುದು ಹಾಗಲ್ಲ. ನೀವು ಕೂಗುತ್ತಲೇ ಇದ್ದೀರಿ, ಯಾರೂ ಓಗೊಡುತ್ತಿಲ್ಲ. ತಂತು ಕಡಿದಿರಬಹುದು, ಯಂತ್ರ ಆರಿರಬಹುದು, ವಿಳಾಸ ಹಳೆಯದಾಗಿರಬಹುದು, ಅಥವಾ ನಡುವಿನ ಅಗ್ನಿಭಿತ್ತಿ ನಿಮ್ಮ ಪೊಟ್ಟಣಗಳನ್ನು ಸದ್ದಿಲ್ಲದೆ ಎಸೆಯುತ್ತಿರಬಹುದು.

ಇಂಗ್ಲಿಷ್ ಸಂದೇಶ ಓದಲು ಬಾರದಿದ್ದರೂ ಚಿಂತೆಯಿಲ್ಲ, ಗಡಿಯಾರ ಸಾಕು. ನಿರಾಕರಣೆ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಉತ್ತರ ಬಾರದಿದ್ದಾಗ ಹಳೆಯ ಆವೃತ್ತಿಯ ಲಿನಕ್ಸ್ ಗಣಕ ತನ್ನ ಕೋರಿಕೆಯನ್ನು ಆರು ಬಾರಿ ಪುನಃ ಕಳುಹಿಸುತ್ತದೆ, ಪ್ರತಿ ಬಾರಿ ಕಾಯುವ ಅವಧಿಯನ್ನು ದುಪ್ಪಟ್ಟು ಮಾಡುತ್ತಾ: 1, 2, 4, 8, 16, 32, 64 ಸೆಕೆಂಡು. ಒಟ್ಟು 127 ಸೆಕೆಂಡು. ಗಣಿತದ ಅಧ್ಯಾಪಕರು ಗುಣೋತ್ತರ ಶ್ರೇಢಿಗೆ ಇದಕ್ಕಿಂತ ಸೊಗಸಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಎರಡು ನಿಮಿಷ ಕಾಯಿಸಿ ಸೋತ ಯಂತ್ರ ಒಂದು ಸುದ್ದಿಯನ್ನೂ, ಕೂಡಲೇ ಸೋತ ಯಂತ್ರ ಇನ್ನೊಂದು ಸುದ್ದಿಯನ್ನೂ ಹೇಳುತ್ತಿದೆ.

ಸ್ವಲ್ಪ ಗೊತ್ತಿರುವವರು ಮಾಡುವ ತಪ್ಪನ್ನೂ ಇಲ್ಲಿ ಹೇಳಬೇಕು. ಅವರು ಕೂಡಲೇ ‘ಪಿಂಗ್’ ಮಾಡುತ್ತಾರೆ. ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ಬರೆದ ಈ ಪುಟ್ಟ ಕ್ರಮವಿಧಿ ಸೋನಾರ್‌ನ ಸದ್ದಿನಿಂದ ಹೆಸರು ಪಡೆದದ್ದು. ಪೊಟ್ಟಣ ಕಳುಹಿಸಿ ಪ್ರತಿಧ್ವನಿಗೆ ಕಾಯುತ್ತದೆ. ಆದರೆ ಸುರಕ್ಷತೆಯ ನೆಪದಲ್ಲಿ ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸದಂತೆ ಏರ್ಪಾಟಾಗಿರುತ್ತದೆ. ಪಿಂಗ್‌ಗೆ ಉತ್ತರ ಬಂದರೆ ಯಂತ್ರ ಜೀವಂತ. ಬಾರದಿದ್ದರೆ ಏನೂ ಸಿದ್ಧವಾಗುವುದಿಲ್ಲ. ‘ಟ್ರೇಸ್‌ರೂಟ್’ ವಿಷಯವೂ ಅಷ್ಟೆ. ಅರಸೀಕೆರೆ ಜಂಕ್ಷನ್ನಿನಲ್ಲಿ ಹುಬ್ಬಳ್ಳಿಯ ಗಾಡಿ, ಹಾಸನ-ಮೈಸೂರಿನ ಗಾಡಿ, ಬೆಂಗಳೂರಿನ ಗಾಡಿ ಬೇರೆ ಬೇರೆ ಹಳಿ ಹಿಡಿಯುವಂತೆ ಪ್ರತಿ ರೌಟರಿನಲ್ಲೂ ಪೊಟ್ಟಣಗಳು ಕವಲೊಡೆಯುತ್ತವೆ. ಟ್ರೇಸ್‌ರೂಟ್ ಮೊದಲು ಒಂದೇ ನಿಲ್ದಾಣದ ಟಿಕೆಟ್ಟು ಕೊಟ್ಟು ಪೊಟ್ಟಣವನ್ನು ಕಳುಹಿಸುತ್ತದೆ, ಆಮೇಲೆ ಎರಡು ನಿಲ್ದಾಣದ್ದು, ಮೂರರದ್ದು. ಟಿಕೆಟ್ಟು ಮುಗಿದ ಕಡೆಯ ರೌಟರು ‘ಇಲ್ಲಿ ಇಳಿಸಿದೆ’ ಎಂದು ಪತ್ರ ಬರೆಯುತ್ತದೆ. ಕೆಲವು ರೌಟರುಗಳು ಪತ್ರ ಬರೆಯುವುದಿಲ್ಲ, ಪರದೆಯ ಮೇಲೆ ನಕ್ಷತ್ರ ಚಿಹ್ನೆ ಕಾಣುತ್ತದೆ. ನಕ್ಷತ್ರ ಕಂಡ ಕೂಡಲೇ ‘ಇಲ್ಲೇ ಕಡಿದಿದೆ’ ಎಂದು ತೀರ್ಮಾನಿಸುವುದು ಇನ್ನೊಂದು ಬಗೆಯ ಜ್ಯೋತಿಷ್ಯ. ಅದರಾಚೆಯ ನಿಲ್ದಾಣಗಳಿಂದ ಉತ್ತರ ಬರುತ್ತಿದೆಯೇ ಎಂಬುದನ್ನು ನೋಡಬೇಕು.

ಎರಡು ಪ್ರಕರಣಗಳು

ಜಾವಗಲ್ ರೈತರ ಪ್ರಶ್ನೆಗೆ ಬರೋಣ. ಒಂದೇ ಬೀದಿಯಲ್ಲಿ, ಒಂದೇ ಹೊತ್ತಿನಲ್ಲಿ ಒಂದು ಕಡೆ ಕೆಲಸ ಆಗುತ್ತದೆ, ಇನ್ನೊಂದು ಕಡೆ ಆಗುವುದಿಲ್ಲ ಎಂದ ಮೇಲೆ ಸರ್ವರ್ ನಿರ್ದೋಷಿ. ಇಷ್ಟಕ್ಕೆ ಯಾವ ಉಪಕರಣವೂ ಬೇಡ. ಮಾರನೆಯ ದಿನ ಆ ಕೇಂದ್ರದ ಹುಡುಗನನ್ನು ಕೇಳಿಕೊಂಡು ಗಣಕವನ್ನು ನೋಡಿದೆ. ಪರದೆಯ ಮೂಲೆಯಲ್ಲಿ ದಿನಾಂಕ ಹಲವು ವರ್ಷ ಹಿಂದಿನದನ್ನು ತೋರಿಸುತ್ತಿತ್ತು. ಮದರ್‌ಬೋರ್ಡಿನ ಮೇಲಿನ 3 ವೋಲ್ಟಿನ ಗುಂಡಿ ಕೋಶ ಸತ್ತುಹೋಗಿತ್ತು. ರಾತ್ರಿ ವಿದ್ಯುತ್ ತೆಗೆದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿತ್ತು. ಸುರಕ್ಷಿತ ಸಂಪರ್ಕದಲ್ಲಿ ಸರ್ವರ್ ತೋರಿಸುವ ರುಜುವಾತುಪತ್ರಕ್ಕೆ ‘ಇಂದಿನಿಂದ ಇಂದಿನವರೆಗೆ’ ಎಂಬ ಅವಧಿ ಇರುತ್ತದೆ. ಗಣಕದ ಲೆಕ್ಕದಲ್ಲಿ ಆ ಅವಧಿ ಇನ್ನೂ ಆರಂಭವೇ ಆಗಿರಲಿಲ್ಲ. ಹಾಗಾಗಿ ಅದು ಪತ್ರವನ್ನು ತಿರಸ್ಕರಿಸಿತ್ತು. ಡೌನ್ ಆಗಿದ್ದದ್ದು ಮೂವತ್ತು-ನಲವತ್ತು ರೂಪಾಯಿಯ ಒಂದು ಕೋಶ. ಹುಡುಗನನ್ನು ನಾನು ದೂರುವುದಿಲ್ಲ. ಅವನ ತಂತ್ರಾಂಶ ತೋರಿಸುತ್ತಿದ್ದದ್ದು ‘ಸರ್ವರ್ ಸಂಪರ್ಕ ಸಾಧ್ಯವಾಗಲಿಲ್ಲ, ನಂತರ ಪ್ರಯತ್ನಿಸಿ’ ಎಂಬ ಒಂದೇ ಇಂಗ್ಲಿಷ್ ಸಾಲನ್ನು. ಕಾರಣ ಗಣಕಕ್ಕೆ ಗೊತ್ತಿತ್ತು, ಹೇಳುವ ಅವಕಾಶ ಅದಕ್ಕೆ ಇರಲಿಲ್ಲ.

ಎರಡನೆಯದು ನನ್ನದೇ ತಪ್ಪು. ನಮ್ಮ ಪ್ರಯೋಗಾಲಯದ ಒಂದು ಚಿಕ್ಕ ಲಿನಕ್ಸ್ ಸರ್ವರ್‌ಗೆ ವಿದ್ಯಾರ್ಥಿಗಳು ಮನೆಯಿಂದ ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸಿ ಅಭ್ಯಾಸ ಮಾಡುತ್ತಿದ್ದರು. ಗುಪ್ತಪದಗಳನ್ನು ಜಾಲದಲ್ಲಿ ಕದ್ದುಕೇಳಿದ ಪ್ರಕರಣವೊಂದರ ನಂತರ ಫಿನ್ಲೆಂಡಿನ ಟಾಟು ಇಲೋನೆನ್ 1995ರಲ್ಲಿ ಬರೆದ ಕ್ರಮವಿಧಿ ಇದು. ಇದರ ಬಾಗಿಲ ಸಂಖ್ಯೆ 22. ಒಂದು ಸೋಮವಾರ ಯಾರಿಗೂ ಪ್ರವೇಶ ಸಿಗಲಿಲ್ಲ. ಬೇಲೂರಿನ ಮನೆಯಿಂದ ನಾನೂ ಪ್ರಯತ್ನಿಸಿದೆ: ಕಾಲಾವಧಿ ಮೀರಿದೆ. ಎರಡು ದಿನ ನಾನೇ ವಿದ್ಯಾರ್ಥಿಗಳಿಗೆ ‘ಸರ್ವರ್ ಡೌನ್’ ಎಂದೆ! ಹೋಗಿ ನೋಡಿದರೆ ಸರ್ವರ್ ಆರಾಮವಾಗಿ ಓಡುತ್ತಿತ್ತು, ಪ್ರಯೋಗಾಲಯದ ಒಳಗಿನಿಂದ ಪ್ರವೇಶವೂ ಸಿಗುತ್ತಿತ್ತು. ತಂತ್ರಾಂಶವನ್ನು ತೆಗೆದು ಹಾಕಿದೆ, ಅಗ್ನಿಭಿತ್ತಿ ಆರಿಸಿದೆ. ಎಲ್ಲವೂ ವ್ಯರ್ಥ. ಕೊನೆಗೆ ರೌಟರಿನ ಹೊರಮುಖದ ವಿಳಾಸ ಏನೆಂದು ನೋಡಿದಾಗ ಅದು 100.72 ಎಂದು ಆರಂಭವಾಗುತ್ತಿತ್ತು. ಹೊರ ಜಗತ್ತಿಗೆ ಕಾಣುತ್ತಿದ್ದ ವಿಳಾಸ ಬೇರೆಯೇ ಆಗಿತ್ತು.

ಇದರ ಅರ್ಥವೇನು? ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇರುವ ವಿಳಾಸಗಳು 2ರ 32ನೇ ಘಾತ, ಸುಮಾರು 429 ಕೋಟಿ. ನಮ್ಮ ಏಷ್ಯಾ-ಪೆಸಿಫಿಕ್ ವಲಯದ ದಾಸ್ತಾನು 2011ರ ಏಪ್ರಿಲ್‌ನಲ್ಲೇ ತಳ ಕಂಡಿತು. ಹಾಗಾಗಿ ಸೇವಾದಾರರು ನೂರಾರು ಗ್ರಾಹಕರಿಗೆ ಒಂದೇ ಹೊರ ವಿಳಾಸವನ್ನು ಹಂಚುತ್ತಾರೆ, ಒಳಗೆ 100.64ರಿಂದ 100.127ರವರೆಗಿನ ಶ್ರೇಣಿಯ ವಿಳಾಸ ಕೊಡುತ್ತಾರೆ. ಈ ಶ್ರೇಣಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ವಿದ್ಯಾರ್ಥಿನಿಲಯವೊಂದನ್ನು ಕಲ್ಪಿಸಿಕೊಳ್ಳಿ. ಎಲ್ಲರ ಪತ್ರವೂ ನಿಲಯದ ವಿಳಾಸದಿಂದಲೇ ಹೊರಡುತ್ತದೆ. ಯಾರು ಯಾರಿಗೆ ಬರೆದರೆಂದು ವಾರ್ಡನ್ ಪುಸ್ತಕದಲ್ಲಿ ಗುರುತು ಹಾಕಿಕೊಂಡಿರುವುದರಿಂದ ಉತ್ತರ ಸರಿಯಾದ ಕೋಣೆಗೆ ತಲುಪುತ್ತದೆ. ಆದರೆ ಹೊರಗಿನವರು ತಾವಾಗಿ ಬರೆದ ಪತ್ರಕ್ಕೆ ಪುಸ್ತಕದಲ್ಲಿ ಗುರುತಿಲ್ಲ, ಅದು ಕಸದ ಬುಟ್ಟಿಗೆ. ನಮ್ಮ ಸೇವಾದಾರರು ಹೇಳದೆ ಕೇಳದೆ ನಮ್ಮನ್ನು ಇಂತಹ ನಿಲಯಕ್ಕೆ ಸೇರಿಸಿದ್ದರು. ಪ್ರತ್ಯೇಕ ಸ್ಥಿರ ವಿಳಾಸವನ್ನು ಹಣ ಕೊಟ್ಟು ಪಡೆಯುವುದು, ಆರನೆಯ ಆವೃತ್ತಿಯ ವಿಳಾಸ ಬಳಸುವುದು, ಅಥವಾ ಸರ್ವರ್ ತಾನೇ ಹೊರಗಿನ ಒಂದು ಯಂತ್ರಕ್ಕೆ ಮೊದಲು ಪತ್ರ ಬರೆದು ದಾರಿ ತೆರೆದಿಡುವುದು, ಇವು ಪರಿಹಾರಗಳು. ನಾವು ಮೂರನೆಯದನ್ನು ಮಾಡಿದೆವು. ಅವಸರದಲ್ಲಿ ರೌಟರಿನ ಎಲ್ಲ ಬಾಗಿಲುಗಳನ್ನೂ ತೆರೆದಿಡುವ ಮಿತ್ರರಿದ್ದಾರೆ. ವಿಂಡೋಸ್ ದೂರಪ್ರವೇಶದ 3389ನೇ ಬಾಗಿಲನ್ನು ದುರ್ಬಲ ಗುಪ್ತಪದದೊಂದಿಗೆ ಜಗತ್ತಿಗೆ ತೆರೆಯುವುದು ತೋಟಕ್ಕೆ ಬೇಲಿ ಕಿತ್ತಂತೆ.

ನಿಜವಾಗಿಯೂ ಡೌನ್ ಆದಾಗ

ಸರ್ವರ್‌ಗಳು ಬೀಳುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ಆರಂಭವಾದಾಗ ಸೇವಾ ಸಿಂಧು ನಿಧಾನವಾದದ್ದು ರಾಜ್ಯಕ್ಕೆಲ್ಲ ಗೊತ್ತು. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆ ಮುಗ್ಗರಿಸಿದಾಗ, ಸ್ವಯಂಚಾಲಿತವಾಗಿ ಸುರಿದ ಸುಳ್ಳು ಕೋರಿಕೆಗಳೇ ಕಾರಣವೆಂದು ದಾಖಲೆಗಳ ಪರಿಶೀಲನೆಯಿಂದ ಪತ್ತೆಹಚ್ಚಿ ಪೊಲೀಸರಿಗೆ ದೂರು ಕೊಡಲಾಯಿತು. ಹುಡುಕಿದರೆ ಕಾರಣ ಸಿಗುತ್ತದೆ ಎಂಬುದಕ್ಕೆ ಇದೇ ನಿದರ್ಶನ.

ಇಲ್ಲಿಯೂ ‘ನಿಧಾನ’ ಮತ್ತು ‘ಡೌನ್’ ಒಂದೇ ಅಲ್ಲ. ಸೆಕೆಂಡಿಗೆ 100 ಕೋರಿಕೆ ಪೂರೈಸಬಲ್ಲ ಸರ್ವರ್‌ಗೆ 90 ಬರುತ್ತಿವೆ ಎನ್ನಿ. ಸರಳ ಸರತಿ ಸಿದ್ಧಾಂತದಂತೆ ಒಬ್ಬರ ಕೆಲಸ ಮುಗಿಯಲು ಹಿಡಿಯುವ ಸರಾಸರಿ ಕಾಲ 1/(100-90), ಅಂದರೆ 0.1 ಸೆಕೆಂಡು. 99 ಬಂದರೆ 1 ಸೆಕೆಂಡು. ಶೇಕಡಾ ಹತ್ತು ಹೆಚ್ಚಿದ ಜನ ಕಾಯುವಿಕೆಯನ್ನು ಹತ್ತು ಪಟ್ಟು ಮಾಡಿದರು! 100 ದಾಟಿದರೆ ಸಾಲಿಗೆ ಕೊನೆಯೇ ಇಲ್ಲ. ಆಗ ಬೇಸತ್ತು ಗುಂಡಿಯನ್ನು ನಾಲ್ಕು ಬಾರಿ ಒತ್ತುವ ಪ್ರತಿಯೊಬ್ಬರೂ ನಾಲ್ಕು ಜನರಾಗುತ್ತಾರೆ. ಇಂತಹ ವೇಳೆ ಬ್ರೌಸರಿನಲ್ಲಿ 503 ಎಂದು ಬಂದರೆ ಸರ್ವರ್ ಇದೆ, ಸದ್ಯ ಪುರಸೊತ್ತಿಲ್ಲ. 504 ಎಂದರೆ ಮುಂಬಾಗಿಲಿನ ಯಂತ್ರ ಎಚ್ಚರವಾಗಿದೆ, ಹಿಂದಿನದು ಉತ್ತರಿಸುತ್ತಿಲ್ಲ. ಎರಡರಲ್ಲೂ ಕಿಟಕಿಯ ಕಡೆಯ ದೋಷವಿಲ್ಲ. ಇಂತಹ ಮೂರು ಅಂಕಿಗಳನ್ನು ಸೇವಾ ತಂತ್ರಾಂಶಗಳು ಏಕೆ ಬಚ್ಚಿಡಬೇಕು? ವಿವರ ಹೇಳಿದರೆ ದಾಳಿಕಾರರಿಗೆ ಅನುಕೂಲ ಎಂಬ ಸಮರ್ಥನೆಯಿದೆ. ದತ್ತಾಂಶ ಕೋಶದ ಹೆಸರು, ತಂತ್ರಾಂಶದ ಆವೃತ್ತಿಗಳನ್ನು ಹೇಳಬಾರದು ಎಂಬುದು ನಿಜ. ಆದರೆ ‘ನಿಮ್ಮ ಗಣಕದ ದಿನಾಂಕ ತಪ್ಪಿದೆ’, ‘ನಿಮ್ಮ ಕೇಂದ್ರದ ಸಂಪರ್ಕ ಕಡಿದಿದೆ’, ‘ಬೆಂಗಳೂರಿನಲ್ಲಿ ದಟ್ಟಣೆ ಇದೆ’ ಎಂಬ ಮೂರು ಕನ್ನಡ ವಾಕ್ಯಗಳಿಂದ ಯಾವ ಕಳ್ಳನಿಗೆ ಏನು ಲಾಭ? ಮೊದಲ ಎರಡು ಸಂದರ್ಭಗಳಲ್ಲಿ ರೈತ ಪಕ್ಕದ ಅಂಗಡಿಗೆ ಹೋಗಬಹುದು, ಮೂರನೆಯದರಲ್ಲಿ ಮನೆಗೆ.

ತರಗತಿಯಲ್ಲಿ

ನಮ್ಮ ಬಹುತೇಕ ಪಠ್ಯಗಳ ಜಾಲ ಅಧ್ಯಾಯ ನಕ್ಷತ್ರ, ಉಂಗುರ, ಬಸ್ ಎಂಬ ವಿನ್ಯಾಸಗಳ ಚಿತ್ರ ಬರೆಸಿ, ಟಿಸಿಪಿಯ ವಿಸ್ತೃತ ರೂಪಕ್ಕೆ ಒಂದು ಅಂಕ ಕೊಟ್ಟು ಮುಗಿಯುತ್ತದೆ. ಉಂಗುರ ವಿನ್ಯಾಸದ ಜಾಲವನ್ನು ಅರಸೀಕೆರೆಯಲ್ಲಿ ನಾನು ಈವರೆಗೆ ಕಂಡಿಲ್ಲ. ‘ಕಾಲಾವಧಿ ಮೀರಿದೆ’ ಎಂಬುದನ್ನು ದಿನವೂ ಕಾಣುತ್ತೇನೆ. ಸಂಪರ್ಕ ಏಕೆ ಸಿಗಲಿಲ್ಲ ಎಂಬ ಪ್ರಶ್ನೆಯೊಂದನ್ನು ಪರೀಕ್ಷೆಯಲ್ಲಿ ನಾನು ನೋಡಿಲ್ಲ.

ಎರಡು ಹಳೆಯ ಗಣಕ, ಒಂದು ಸ್ವಿಚ್ ಇದ್ದರೆ ಒಂದು ಪೀರಿಯಡ್ಡಿನಲ್ಲಿ ಪ್ರಯೋಗ ಮಾಡಬಹುದು. ಒಂದರಲ್ಲಿ ಎಸ್‌ಎಸ್‌ಎಚ್ ಸರ್ವರ್ ಚಾಲೂ ಮಾಡಿ, ಇನ್ನೊಂದರಿಂದ ಪ್ರವೇಶಿಸಿ. ಆಮೇಲೆ ವಿದ್ಯಾರ್ಥಿಗಳನ್ನು ಹೊರಗೆ ಕಳುಹಿಸಿ ಒಂದೊಂದಾಗಿ ಕೆಡಿಸಿ: ಹೆಸರಿನ ಒಂದು ಅಕ್ಷರ ತಪ್ಪಿಸಿ, ತಂತಿ ಕೀಳಿ, ಎಸ್‌ಎಸ್‌ಎಚ್ ಸೇವೆ ನಿಲ್ಲಿಸಿ, ಅಗ್ನಿಭಿತ್ತಿಯಲ್ಲಿ 22ನೇ ಬಾಗಿಲಿನ ಪೊಟ್ಟಣಗಳನ್ನು ಎಸೆಯಲು ಹೇಳಿ, ಗುಪ್ತಪದ ಬದಲಾಯಿಸಿ. ಒಳಗೆ ಬಂದವರು ಸರ್ವರ್ ಯಂತ್ರವನ್ನು ಮುಟ್ಟದೆ, ಸಂದೇಶ ಮತ್ತು ಗಡಿಯಾರಗಳಿಂದಲೇ ದೋಷ ಹೇಳಬೇಕು. ಪ್ರಯೋಗ ನಿಮ್ಮದೇ ಯಂತ್ರಗಳ ಮೇಲೆ ಮಾತ್ರ ನಡೆಯಲಿ. ಪರರ ಸರ್ವರ್‌ಗಳ ಬಾಗಿಲು ಅಲುಗಿಸಿ ನೋಡಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಅಡ್ಡಬರುತ್ತದೆ. ನಮ್ಮಲ್ಲಿ ಮೊದಲ ಬಾರಿ ಮಾಡಿದಾಗ ಅಗ್ನಿಭಿತ್ತಿಯ ದೋಷವನ್ನು ತಂತಿ ಕಿತ್ತ ದೋಷದಿಂದ ಬೇರ್ಪಡಿಸಲು ವಿದ್ಯಾರ್ಥಿಗಳು ತಿಣುಕಾಡಿದರು. ಪಿಂಗ್ ಮಾಡಿ ನೋಡಿ ಎಂದು ಹಳೇಬೀಡಿನಿಂದ ಬರುವ ಹುಡುಗಿಯೊಬ್ಬಳು ಹೇಳಿದಳು: ಉತ್ತರ ಬಂತು, ಆದ್ದರಿಂದ ತಂತಿ ಸರಿಯಿದೆ. ಐದನೆಯ ದೋಷಕ್ಕೆ ಹೋಗುವಷ್ಟರಲ್ಲಿ ಗಂಟೆ ಹೊಡೆಯಿತು.